ಹಾಜರಿಯೇ ಆಸ್ತಿ: ಇಂಗ್ಲೆಂಡಿನ ಕೆಳ ಲೀಗುಗಳ ಮಿಡ್‌ಫೀಲ್ಡರ್

931. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಇವತ್ತಿನ ಮಾತೆಲ್ಲ ಇದರ ಸುತ್ತಲೇ ಓಡಾಡುತ್ತದೆ. ಟೋನಿ ಫೋರ್ಡ್ ಎಂಬ ಆಟಗಾರ ಇಂಗ್ಲೆಂಡಿನ ಫುಟ್‌ಬಾಲ್ ಲೀಗ್‌ನಲ್ಲಿ ಆಡಿದ ಪಂದ್ಯಗಳು ಇಷ್ಟು. ಗೋಲ್‌ಕೀಪರ್‌ಗಳನ್ನು ಬಿಟ್ಟರೆ ಅಲ್ಲಿ ಇದಕ್ಕಿಂತ ಹೆಚ್ಚು ಲೀಗ್ ಪಂದ್ಯ ಆಡಿದವರಿಲ್ಲ. 1,005 ಪಂದ್ಯ ಆಡಿದ ಗೋಲ್‌ಕೀಪರ್ ಪೀಟರ್ ಶಿಲ್ಟನ್ ನಿಮಗೆ ಗೊತ್ತು; 1986ರಲ್ಲಿ ಮರಡೋನಾ ಕೈಯಲ್ಲಿ ಗೋಲು ಹೊಡೆದಾಗ ಎದುರಿಗಿದ್ದವರು. ಫೋರ್ಡ್ ಗೊತ್ತಿರುವವರು ಕಡಿಮೆ. ಅವರು 1975ರಲ್ಲಿ, 16ನೇ ವಯಸ್ಸಿನಲ್ಲಿ, ಹುಟ್ಟೂರು ಗ್ರಿಮ್ಸ್‌ಬಿಯ ತಂಡಕ್ಕೆ ಮೊದಲ ಪಂದ್ಯ ಆಡಿದರು. ಬಲ ಅಂಚಿನಲ್ಲಿ ಆಡುವ ಮಿಡ್‌ಫೀಲ್ಡರ್, ಅಂದರೆ ಡಿಫೆಂಡರ್‌ಗಳಿಗೂ ಸ್ಟ್ರೈಕರ್‌ಗಳಿಗೂ ನಡುವೆ ಆಡುವವರು. ಆಮೇಲೆ ಸ್ಟೋಕ್, ವೆಸ್ಟ್ ಬ್ರಾಮಿಚ್, ಮತ್ತೆ ಗ್ರಿಮ್ಸ್‌ಬಿ, ಸ್ಕಂಥೋರ್ಪ್, ಮ್ಯಾನ್ಸ್‌ಫೀಲ್ಡ್, ರಾಚ್‌ಡೇಲ್ ಎಂದು 2001ರವರೆಗೆ ಆಡುತ್ತಲೇ ಹೋದರು. ಈ 931ರಲ್ಲಿ ಒಂದೂ ದೇಶದ ಅತ್ಯುನ್ನತ ದರ್ಜೆಯ ಪಂದ್ಯವಲ್ಲ.

ಆಡಿದ ಪಂದ್ಯಕ್ಕೆ ಅಲ್ಲಿ ಅಪಿಯರೆನ್ಸ್ ಎನ್ನುತ್ತಾರೆ. ನಾನು ಹಾಜರಿ ಎನ್ನುತ್ತೇನೆ, ಏಕೆಂದರೆ ಕೆಳ ಲೀಗುಗಳಲ್ಲಿ ಅದು ಕೂಲಿಯವನ ಹಾಜರಿ ಪುಸ್ತಕದಂತೆಯೇ ಕೆಲಸ ಮಾಡುತ್ತದೆ. ದೊಡ್ಡ ತಂಡದ ಆಟಗಾರನನ್ನು ಗೋಲು, ಪ್ರಶಸ್ತಿ, ಮಾರಾಟದ ಬೆಲೆಯಿಂದ ಅಳೆಯುತ್ತೇವೆ. ಕೆಳಗಿನ ಮಿಡ್‌ಫೀಲ್ಡರ್‌ನ ಸಂಬಳ, ಮುಂದಿನ ಒಪ್ಪಂದ, ಮುಂದಿನ ಕ್ಲಬ್ಬು, ಕೊನೆಗೆ ಅವನ ಕೋಚಿಂಗ್ ಕೆಲಸವೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ಕಳೆದ ವರ್ಷ ಎಷ್ಟು ಪಂದ್ಯ ಆಡಿದೆ?

ಏಣಿಯ ಲೆಕ್ಕ ಬೇಗ ಮುಗಿಸಿಬಿಡೋಣ. ಮೇಲೆ ಪ್ರೀಮಿಯರ್ ಲೀಗ್, 20 ತಂಡ. ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟು, ಒಂದೊಂದರಲ್ಲೂ 24. ಒಟ್ಟು 92, ಲೀಗ್ ಎಂದರೆ ಈ ನಾಲ್ಕು ಮೆಟ್ಟಿಲು. ಐದನೇ ಮೆಟ್ಟಿಲು ನ್ಯಾಷನಲ್ ಲೀಗ್, ಅಲ್ಲೂ 24 ತಂಡ. ಹೆಸರು ನೋಡಿ ಮೋಸಹೋಗಬೇಡಿ, ಲೀಗ್ ಒನ್ ಎಂದರೆ ಮೂರನೇ ಮೆಟ್ಟಿಲು. ಕೆಳ ಲೀಗು ಎಂದು ನಾನು ಹೇಳುವಾಗ ಲೀಗ್ ಒನ್, ಲೀಗ್ ಟು ಮತ್ತು ಅವುಗಳಿಗೆ ತಾಗಿಕೊಂಡ ನ್ಯಾಷನಲ್ ಲೀಗ್ ಎಂದು ತಿಳಿಯಿರಿ. 24 ತಂಡಗಳಿದ್ದರೆ 46 ಲೀಗ್ ಪಂದ್ಯ. ಪ್ರೀಮಿಯರ್ ಲೀಗ್‌ನಲ್ಲಿ 38. ಕಡಿಮೆ ಸಂಬಳದವನು ವರ್ಷಕ್ಕೆ 8 ಲೀಗ್ ಪಂದ್ಯ ಹೆಚ್ಚು ಆಡುತ್ತಾನೆ. ಅದರ ಮೇಲೆ ಎಫ್‌ಎ ಕಪ್, ಲೀಗ್ ಕಪ್, ಮುಖ್ಯವಾಗಿ ಲೀಗ್ ಒನ್ ಮತ್ತು ಟು ತಂಡಗಳಿಗೆ ಇರುವ ಇಎಫ್‌ಎಲ್ ಟ್ರೋಫಿ. ಪೂರ್ತಿ ವರ್ಷ ಆರೋಗ್ಯವಾಗಿದ್ದವನಿಗೆ 50 ದಾಟುವುದು ಕಷ್ಟವಲ್ಲ.

ಈ 92 ತಂಡಗಳ ಕೊನೆಯ ಮೆಟ್ಟಿಲಿಗೆ, ಅಂದರೆ ನಾಲ್ಕನೆಯದಕ್ಕೆ, ಬಹಳ ಕಾಲ ಕೆಳಗಿನ ಬಾಗಿಲೇ ಇರಲಿಲ್ಲ. ಕೊನೆಗೆ ನಿಂತ ತಂಡಗಳು ಉಳಿದ ಕ್ಲಬ್ಬುಗಳ ಮತ ಕೇಳಿ ಸಾಮಾನ್ಯವಾಗಿ ಮತ್ತೆ ಒಳಗೇ ಉಳಿಯುತ್ತಿದ್ದವು. 1987ರಲ್ಲಿ ಮೊದಲ ಬಾರಿಗೆ ಲಿಂಕನ್ ಸಿಟಿ ನೇರವಾಗಿ ಕೆಳಗಿಳಿಯಿತು, ಸ್ಕಾರ್‌ಬರೊ ಮೇಲೇರಿತು. 2002–03ರಿಂದ ಎರಡು ತಂಡ ಇಳಿಯುತ್ತವೆ, ಎರಡು ಏರುತ್ತವೆ. ಇದರಿಂದ ಆಟಗಾರನ ಬದುಕು ಬದಲಾಯಿತು. ಲೀಗ್‌ನಿಂದ ಹೊರಬಿದ್ದವನಿಗೆ ಮೊದಲು ಅದು ಕೊನೆ; ಈಗ ಇಳಿದು ಆಡಿ, ತಂಡದ ಜತೆಯೇ ಮತ್ತೆ ಹತ್ತಬಹುದು.

ಇನ್ನು ಒಳಗೆ ಬರುವ ದಾರಿ. ಹುಡುಗ 16ರಲ್ಲಿ ಸ್ಕಾಲರ್ ಆಗುತ್ತಾನೆ. ಎರಡು ವರ್ಷ ದಿನವೂ ತರಬೇತಿ, ಜತೆಗೆ ಓದು. 18ಕ್ಕೆ ತೀರ್ಮಾನ: ವೃತ್ತಿಪರ ಒಪ್ಪಂದ, ಇಲ್ಲವೇ ಬಿಡುಗಡೆ. ಬಿಡುಗಡೆಯಾದವರಿಗೆಂದೇ ಟ್ರಯಲ್ ಪಂದ್ಯಗಳಿರುತ್ತವೆ, ಬೇರೆ ಕ್ಲಬ್ಬಿನ ಸ್ಕೌಟ್‌ಗಳು ಬಂದು ಕೂರುತ್ತಾರೆ. ಮಿಡ್‌ಫೀಲ್ಡರ್‌ಗೆ ಇಲ್ಲಿ ಒಂದು ವಿಶೇಷ ಕಷ್ಟವಿದೆ. ಸ್ಟ್ರೈಕರ್ ಎರಡು ಗೋಲು ಹೊಡೆದರೆ ಸ್ಕೌಟ್ ಹೆಸರು ಬರೆದುಕೊಳ್ಳುತ್ತಾನೆ. ವಿಂಗರ್ ಮೂವರನ್ನು ದಾಟಿದರೂ ಸಾಕು. ಸರಿಯಾದ ಜಾಗದಲ್ಲಿ ನಿಂತು ಎದುರಾಳಿಯ ಪಾಸು ಹೊರಡುವ ಮೊದಲೇ ದಾರಿ ಮುಚ್ಚಿದವನು ಒಂದು ಪಂದ್ಯದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅವನನ್ನು ಹತ್ತು ಪಂದ್ಯ ನೋಡಬೇಕು. ಟ್ರಯಲ್‌ನಲ್ಲಿ ಸಿಗುವುದು ಅರ್ಧ ಪಂದ್ಯ. ಹಾಗಾಗಿ ಈ ಜಾಗದ ಹುಡುಗರು ಕಳೆದುಹೋಗುವುದೂ ಹೆಚ್ಚು, ತಡವಾಗಿ ಸಿಗುವುದೂ ಹೆಚ್ಚು.

ತಡವಾಗಿ ಸಿಕ್ಕವರಿಗೆ ವೇಡ್ ಎಲಿಯಟ್ ಒಳ್ಳೆಯ ಉದಾಹರಣೆ. ಹ್ಯಾಂಪ್‌ಶೈರ್‌ನ ಬ್ಯಾಶ್ಲಿ ಎಂಬ ಹಳ್ಳಿ ತಂಡದಲ್ಲಿ ಆಡುತ್ತಿದ್ದವರು, ಹುಟ್ಟಿದ್ದು 1978ರಲ್ಲಿ. ಬೋರ್ನ್‌ಮತ್ ಕ್ಲಬ್ಬು ಅವರನ್ನು ಕರೆದದ್ದು 2000ದಲ್ಲಿ, ಆಗ 21 ದಾಟಿತ್ತು. 2003ರಲ್ಲಿ ಆ ತಂಡದೊಂದಿಗೆ ನಾಲ್ಕನೇ ದರ್ಜೆಯಿಂದ ಮೂರಕ್ಕೆ ಏರಿದರು. 2005ರಲ್ಲಿ ಬರ್ನ್‌ಲಿ ಸೇರಿದರು. 2009ರ ಮೇ 25ರಂದು ವೆಂಬ್ಲಿಯಲ್ಲಿ ಶೆಫೀಲ್ಡ್ ಯುನೈಟೆಡ್ ವಿರುದ್ಧ ಮೇಲೇರುವ ಕೊನೆಯ ಜಾಗಕ್ಕಾಗಿ ನಡೆಯುವ ಪ್ಲೇ-ಆಫ್ ಫೈನಲ್‌ನ ಒಂದೇ ಗೋಲು ಅವರದು, ದೂರದಿಂದ ಹೊಡೆದದ್ದು. ಬರ್ನ್‌ಲಿ ಪ್ರೀಮಿಯರ್ ಲೀಗ್‌ಗೆ ಹೋಯಿತು. ಹಳ್ಳಿ ತಂಡದಿಂದ ಅಲ್ಲಿಗೆ ಒಂಬತ್ತು ವರ್ಷ.

ಇದಕ್ಕೆ ತದ್ವಿರುದ್ಧ ದಾರಿ ಡೆಲೆ ಆಲಿಯವರದು. ಲೀಗ್ ಒನ್‌ನ ಎಂಕೆ ಡಾನ್ಸ್ ತಂಡ 2014ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಲೀಗ್ ಕಪ್‌ನಲ್ಲಿ 4–0 ಸೋಲಿಸಿದಾಗ ಅವರಿಗೆ 18. ಮುಂದಿನ ಫೆಬ್ರುವರಿಗೆ ಟಾಟನ್‌ಹ್ಯಾಮ್ ಕೊಂಡಾಗಿತ್ತು. ಇಂಥದ್ದು ಆಗುತ್ತದೆ, ಆದರೆ ಇದನ್ನು ನೋಡಿಕೊಂಡು ಕೆಳ ಲೀಗಿನ ಬದುಕನ್ನು ಅರ್ಥ ಮಾಡಿಕೊಳ್ಳಲು ಹೋದರೆ ದಾರಿ ತಪ್ಪುತ್ತದೆ.

ಹೆಚ್ಚಿನವರು ಬರುವುದು ಲೋನ್ ಮೂಲಕ, ಅಂದರೆ ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ ಎರವಲಾಗಿ. ದೊಡ್ಡ ಕ್ಲಬ್ಬಿನಲ್ಲಿ ವೃತ್ತಿಪರನಾದ 19ರ ಹುಡುಗ ಅಲ್ಲಿ ಯುವ ತಂಡಗಳ ಪಂದ್ಯ ಆಡುತ್ತಿರುತ್ತಾನೆ. ಆ ಪಂದ್ಯಗಳಲ್ಲಿ ಚೆಂಡು ನೆಲದ ಮೇಲಿರುತ್ತದೆ, ಸೋತರೆ ಯಾರ ಕೆಲಸವೂ ಹೋಗುವುದಿಲ್ಲ. ಅವನನ್ನು ಲೀಗ್ ಟುಗೆ ಕಳಿಸುತ್ತಾರೆ. ಸಂಬಳದ ಒಂದು ಪಾಲನ್ನು ಮಾತೃ ಕ್ಲಬ್ಬು ಕೊಡುತ್ತದೆ, ಉಳಿದದ್ದನ್ನು ಕರೆಸಿಕೊಂಡ ಕ್ಲಬ್ಬು. ಒಪ್ಪಂದದಲ್ಲಿ ನೋಡಬೇಕಾದ ಸಾಲುಗಳು ಮೂರು: ಜನವರಿಯಲ್ಲಿ ವಾಪಸ್ ಕರೆಸಿಕೊಳ್ಳುವ ಹಕ್ಕು ಇದೆಯೇ, ಇಷ್ಟು ಪಂದ್ಯ ಆಡಿಸದಿದ್ದರೆ ದಂಡವಿದೆಯೇ, ಎಫ್‌ಎ ಕಪ್‌ನಲ್ಲಿ ಆಡಲು ಅನುಮತಿ ಕೊಟ್ಟಿದ್ದಾರೆಯೇ. ಮೂರನೆಯದನ್ನು ಹಲವರು ಕಡೆಗಣಿಸುತ್ತಾರೆ. ಲೋನ್ ಆಟಗಾರ ಕಪ್‌ನಲ್ಲಿ ಆಡಿದರೆ ಆ ವರ್ಷ ಬೇರೆ ತಂಡಕ್ಕೆ ಆ ಕಪ್ ಆಡುವಂತಿಲ್ಲ, ಆದ್ದರಿಂದ ಮಾತೃ ಕ್ಲಬ್ಬುಗಳು ಬೇಡ ಎನ್ನುವುದುಂಟು. ಆ ಶನಿವಾರ ಅವನ ಜಾಗದಲ್ಲಿ ಇನ್ನೊಬ್ಬ ಆಡುತ್ತಾನೆ, ಚೆನ್ನಾಗಿ ಆಡಿಬಿಡುತ್ತಾನೆ, ಹುಡುಗ ಬೆಂಚಿಗೆ ಬೀಳುತ್ತಾನೆ.

ಲೋನ್ ಕೆಡುವುದಕ್ಕೆ ದೊಡ್ಡ ಕಾರಣ ತಂಡ ಆರಿಸುವ ಮ್ಯಾನೇಜರ್ ಬದಲಾಗುವುದು. ಹುಡುಗನನ್ನು ಕರೆಸಿದ ಮ್ಯಾನೇಜರ್ ಅಕ್ಟೋಬರ್‌ನಲ್ಲಿ ಹೋದರೆ, ಬಂದವನಿಗೆ ಬೇರೆ ಕ್ಲಬ್ಬಿನ ಹುಡುಗನನ್ನು ಬೆಳೆಸುವ ಆಸಕ್ತಿ ಇರುವುದಿಲ್ಲ. ಅವನಿಗೆ ಈ ಶನಿವಾರದ ಮೂರು ಪಾಯಿಂಟ್ ಬೇಕು. ಹಿಂದೆ ತುರ್ತು ಲೋನ್ ಎಂದಿತ್ತು, ಕ್ಲಬ್ಬು ಬದಲಿಸಲು ಅವಕಾಶವಿರುವ ವರ್ಗಾವಣೆ ಅವಧಿ ಮುಗಿದ ಮೇಲೂ ಒಂದೆರಡು ತಿಂಗಳಿಗೆ ಹೋಗಿಬರಬಹುದಿತ್ತು. 2016–17ರಿಂದ ಅದು ನಿಂತಿತು. ಈಗ ಸೆಪ್ಟೆಂಬರ್‌ನಲ್ಲಿ ಸಿಕ್ಕಿಬಿದ್ದವನು ಜನವರಿವರೆಗೆ ಸಿಕ್ಕಿಬಿದ್ದಂತೆಯೇ.

ಆ ಹಳೆಯ ವ್ಯವಸ್ಥೆಯಲ್ಲಿ ಬಂದವರೊಬ್ಬರ ಹೆಸರು ಪೆಲಿ-ರಡಕ್ ಎಂಪಾಂಜು. ವೆಸ್ಟ್ ಹ್ಯಾಮ್ ಅಕಾಡೆಮಿಯಲ್ಲಿ ಬೆಳೆದ ಮಿಡ್‌ಫೀಲ್ಡರ್. 2013ರ ನವೆಂಬರ್‌ನಲ್ಲಿ ಐದನೇ ದರ್ಜೆಯ ಲೂಟನ್ ಟೌನ್‌ಗೆ ಲೋನ್ ಮೇಲೆ ಬಂದರು, ಜನವರಿಯಲ್ಲಿ ಅಲ್ಲೇ ಕಾಯಂ ಆದರು. ಲೂಟನ್‌ಗೆ 2008–09ರಲ್ಲಿ 30 ಪಾಯಿಂಟ್ ಕಡಿತವಾಗಿ, ಲೀಗ್‌ನಿಂದಲೇ ಹೊರಬಿದ್ದು, ಐದು ವರ್ಷ ಹೊರಗಿತ್ತು. ಪ್ರೀಮಿಯರ್ ಲೀಗ್ ಕ್ಲಬ್ಬಿನ ಗೇಟು ದಾಟಿ ಐದನೇ ದರ್ಜೆಗೆ ಹೋಗುವುದೆಂದರೆ ಎಷ್ಟೋ ಹುಡುಗರು ಒಪ್ಪುವುದಿಲ್ಲ. ಅವರು ಹೋದರು. ಅವರ ಕಥೆಗೆ ಆಮೇಲೆ ಬರುತ್ತೇನೆ, ಮೊದಲು ಆ ಮಟ್ಟದಲ್ಲಿ ಮಿಡ್‌ಫೀಲ್ಡರ್ ಮಾಡುವ ಕೆಲಸ ಏನೆಂದು ನೋಡಬೇಕು.

ಲೀಗ್ ಟು ಪಂದ್ಯದಲ್ಲಿ ಚೆಂಡು ಹೆಚ್ಚು ಹೊತ್ತು ಗಾಳಿಯಲ್ಲಿರುತ್ತದೆ. ಗೋಲ್‌ಕೀಪರ್ ಉದ್ದಕ್ಕೆ ಒದೆಯುತ್ತಾನೆ, 50–60 ಮೀಟರ್ ಹಾರುತ್ತದೆ, ನಮ್ಮ ಸ್ಟ್ರೈಕರ್ ಮತ್ತು ಅವರ ಸೆಂಟರ್ ಹಾಫ್ (ನಡುವಿನ ಡಿಫೆಂಡರ್) ಒಟ್ಟಿಗೆ ನೆಗೆಯುತ್ತಾರೆ. ಇದು ಫಸ್ಟ್ ಬಾಲ್. ಅದರಿಂದ ಚಿಮ್ಮಿ ಬೀಳುವುದು ಸೆಕೆಂಡ್ ಬಾಲ್. ಮಿಡ್‌ಫೀಲ್ಡರ್‌ನ ಕೂಲಿ ಇರುವುದು ಈ ಎರಡನೆಯದರಲ್ಲಿ. ಅದು ಬೀಳುವುದು ಸಾಮಾನ್ಯವಾಗಿ ಆ ಇಬ್ಬರಿಂದ ಎಂಟು ಹತ್ತು ಮೀಟರ್ ಸುತ್ತಿನಲ್ಲಿ.

ಗಮನಿಸಿ, ಹೊಸಬ ಮಾಡುವ ತಪ್ಪು ಚೆಂಡನ್ನೇ ನೋಡುವುದು. ಹಳಬ ಚೆಂಡು ಹಾರುತ್ತಿರುವಾಗ ನೆಗೆಯುವವರ ಮೈ ನೋಡುತ್ತಾನೆ. ಸೆಂಟರ್ ಹಾಫ್ ಓಡಿಬಂದು ನೆಗೆಯುತ್ತಿದ್ದರೆ ಅವನೇ ಗೆಲ್ಲುತ್ತಾನೆ, ಚೆಂಡು ನಮ್ಮ ಕಡೆಗೆ ಜೋರಾಗಿ ವಾಪಸ್ ಬರುತ್ತದೆ. ಎರಡು ಹೆಜ್ಜೆ ಹಿಂದೆ ನಿಲ್ಲಬೇಕು. ಸ್ಟ್ರೈಕರ್ ಬೆನ್ನು ಒತ್ತಿ ಜಾಗ ಹಿಡಿದಿದ್ದರೆ ಚೆಂಡು ಅವನ ಎದೆಯಿಂದ ಕಾಲ ಬುಡಕ್ಕೆ ಬೀಳುತ್ತದೆ, ಹತ್ತಿರ ಹೋಗಬೇಕು. ಆಮೇಲೆ ಒಂದು ಸಲ ಹೆಗಲ ಮೇಲಿಂದ ಹಿಂದೆ ನೋಡಬೇಕು, ಚೆಂಡು ನೆಲ ಮುಟ್ಟುವ ಮೊದಲೇ. ಮೈ ಅರ್ಧ ತಿರುಗಿರಬೇಕು, ಪೂರ್ತಿ ಮುಂದಕ್ಕೆ ಮುಖ ಮಾಡಿ ನಿಂತವನಿಗೆ ಬದಿಯಿಂದ ಬರುವವನು ಕಾಣುವುದಿಲ್ಲ. ಮೊದಲ ಸ್ಪರ್ಶ ಎದುರಾಳಿ ಬರುವ ದಿಕ್ಕಿಗೆ ಅಡ್ಡವಾಗಿ. ಎರಡನೇ ಸ್ಪರ್ಶಕ್ಕೆ ಚೆಂಡು ಅಂಚಿಗೆ ಹೋಗಿರಬೇಕು. ಇಷ್ಟಕ್ಕೂ ಸಿಗುವ ಕಾಲ ಎರಡು ಸೆಕೆಂಡು.

ನಡುವೆ ಇಬ್ಬರು ಮಿಡ್‌ಫೀಲ್ಡರ್‌ಗಳಿದ್ದಾಗ ಅವರಿಬ್ಬರೂ ಒಂದೇ ಗೆರೆಯಲ್ಲಿ ನಿಲ್ಲಬಾರದು. ಒಬ್ಬ ಚೆಂಡಿಗೆ ಹೋದರೆ ಇನ್ನೊಬ್ಬ ಹಿಂದೆ, ಸ್ವಲ್ಪ ಓರೆಗೆ. ಇಬ್ಬರೂ ಒಟ್ಟಿಗೆ ನುಗ್ಗಿದರೆ ನಮ್ಮ ಡಿಫೆಂಡರ್‌ಗಳ ಮುಂದೆ 20 ಮೀಟರ್ ಬಯಲು ಬಿದ್ದಿರುತ್ತದೆ, ಎದುರಾಳಿಗೆ ಎರಡು ಪಾಸು ಸಾಕು. ಈ ದರ್ಜೆಯಲ್ಲಿ ಬೀಳುವ ಎಷ್ಟೋ ಗೋಲುಗಳಿಗೆ ಡಿಫೆಂಡರ್‌ಗಳು ಬೈಸಿಕೊಳ್ಳುತ್ತಾರೆ, ಮೂಲ ತಪ್ಪು ಹತ್ತು ಸೆಕೆಂಡು ಹಿಂದೆ ನಡುವಿನಲ್ಲಿ ಆಗಿರುತ್ತದೆ. ಟಿವಿಯ ತುಣುಕಿನಲ್ಲಿ ಅದು ಕಾಣಿಸುವುದೇ ಇಲ್ಲ. ಮೈದಾನಕ್ಕೆ ಹೋಗಿ ನೋಡಿದರೆ ಮಾತ್ರ ಕಾಣುತ್ತದೆ.

ಗಾಳಿ ಮತ್ತು ನೆಲದ ಲೆಕ್ಕವೂ ಉಂಟು. ಎದುರುಗಾಳಿಗೆ ಒದ್ದ ಚೆಂಡು ಮೇಲೇ ನಿಂತು ನೇರ ಕೆಳಗೆ ಬೀಳುತ್ತದೆ, ಹಿಂಗಾಳಿಯಲ್ಲಿ ಎಲ್ಲರ ತಲೆ ದಾಟಿ ಹೋಗುತ್ತದೆ; ಮೊದಲರ್ಧದಲ್ಲಿ ನಿಂತ ಜಾಗ ಎರಡನೇ ಅರ್ಧದಲ್ಲಿ ತಪ್ಪು ಜಾಗವಾಗುತ್ತದೆ. ಡಿಸೆಂಬರ್ ಬಂದರೆ ನೆಲ ಕೆಸರು. ವಾರ್ಮ್‌ಅಪ್‌ಗೆ ಇಳಿದಾಗಲೇ ಲೋಹದ ಸ್ಟಡ್ ಇರುವ ಬೂಟೋ ಮಾಮೂಲಿ ಬೂಟೋ ಎಂದು ತೀರ್ಮಾನಿಸಬೇಕು, ತಪ್ಪಿದರೆ ತಿರುಗುವಾಗ ಜಾರುತ್ತಾನೆ, ಇಲ್ಲವೇ ಕಾಲು ನೆಲಕ್ಕೆ ಹೂತು ಮೊಣಕಾಲು ತಿರುಚುತ್ತದೆ. ನ್ಯಾಷನಲ್ ಲೀಗ್‌ನಲ್ಲಿ ಕೃತಕ ಹುಲ್ಲಿಗೆ ಅವಕಾಶವಿದೆ, ಅದರ ಮೇಲೆ ಇಲ್ಲ. 2020ರಲ್ಲಿ ಹ್ಯಾರೊಗೇಟ್, 2021ರಲ್ಲಿ ಸಟನ್ ತಂಡಗಳು ಏರಿದಾಗ ಹಾಸನ್ನು ಕಿತ್ತು ಹುಲ್ಲು ಬೆಳೆಸಬೇಕಾಯಿತು. ಒಂದೇ ಊರು, ಒಂದೇ ಮೈದಾನ, ಆದರೆ ಚೆಂಡು ಉರುಳುವ ವೇಗ ಬೇರೆ, ಪಾಸಿನ ತೂಕ ಬೇರೆ.

2019ರಲ್ಲಿ ಗೋಲ್ ಕಿಕ್ ನಿಯಮ ಬದಲಾಗಿ ಚೆಂಡನ್ನು ಪೆನಾಲ್ಟಿ ಚೌಕದೊಳಗೇ ಸಹ ಆಟಗಾರ ತೆಗೆದುಕೊಳ್ಳಬಹುದಾಯಿತು. ಅಂದಿನಿಂದ ಕೆಳ ಲೀಗುಗಳಲ್ಲೂ ಹಿಂದಿನಿಂದ ಕಟ್ಟಿ ಆಡುವ ತಂಡಗಳು ಹೆಚ್ಚಿವೆ. ಈಗ ಡಿಫೆಂಡರ್‌ಗಳ ಮುಂದೆಯೇ ನಿಲ್ಲುವ ಹೋಲ್ಡಿಂಗ್ ಮಿಡ್‌ಫೀಲ್ಡರ್ ತನ್ನ ಗೋಲಿನ ಕಡೆ ಮುಖ ಮಾಡಿ, ಬೆನ್ನ ಮೇಲೆ ಎದುರಾಳಿಯನ್ನು ಹೊತ್ತು ಪಾಸು ಪಡೆಯಬೇಕು. 30 ದಾಟಿದ, ತಲೆಯಿಂದ ಚೆಂಡು ಹೊಡೆದು, ಟ್ಯಾಕಲ್ ಮಾಡಿಯೇ ಬದುಕಿದ ಎಷ್ಟೋ ಜನರಿಗೆ ಇದು ಹೊಸ ಪರೀಕ್ಷೆ.

ಹಳದಿ ಕಾರ್ಡಿನ ಲೆಕ್ಕವನ್ನು ಈ ಜಾಗದವನಷ್ಟು ಜಾಗರೂಕವಾಗಿ ಇಟ್ಟುಕೊಳ್ಳಬೇಕಾದವರು ಇನ್ನೊಬ್ಬರಿಲ್ಲ. ಮೊದಲ 19 ಲೀಗ್ ಪಂದ್ಯಗಳೊಳಗೆ ಐದು ಹಳದಿ ಬಿದ್ದರೆ ಒಂದು ಪಂದ್ಯ ನಿಷೇಧ. 37ರೊಳಗೆ ಹತ್ತು ಬಿದ್ದರೆ ಎರಡು ಪಂದ್ಯ. ಹದಿನೈದಾದರೆ ಮೂರು. ಎದುರಾಳಿಯ ಓಟವನ್ನು ಶರ್ಟು ಹಿಡಿದು ನಿಲ್ಲಿಸುವುದು ಹೋಲ್ಡಿಂಗ್ ಮಿಡ್‌ಫೀಲ್ಡರ್ ತಂಡಕ್ಕಾಗಿ ಮಾಡುವ ಕೆಲಸ, ಕಾರ್ಡು ಅವನ ಹೆಸರಿಗೆ. ಆದರೆ ಅವನಿಗೆ ಬೀಳುವ ಕಾರ್ಡುಗಳಲ್ಲಿ ತಂಡಕ್ಕೆ ಉಪಯೋಗವೇ ಇಲ್ಲದವೂ ಇವೆ: ರೆಫರಿಯ ಜತೆ ವಾದ, ಚೆಂಡು ದೂರ ಒದೆಯುವುದು. ಒಳ್ಳೆಯ ಕೋಚ್ ಸಿಟ್ಟಾಗುವುದು ಇವುಗಳಿಗೆ. ನಾಲ್ಕು ಹಳದಿಯೊಂದಿಗೆ 18ನೇ ಪಂದ್ಯಕ್ಕೆ ಬಂದವನು ವಾದದಿಂದ ಐದನೆಯದನ್ನು ಪಡೆದರೆ, ಒಂದು ಹಾಜರಿಯನ್ನು ತಾನೇ ಅಳಿಸಿದಂತೆ.

ಹಾಜರಿ ಉಳಿಸಿಕೊಳ್ಳುವ ಇನ್ನೊಂದು ದಾರಿ ಸೆಟ್-ಪೀಸ್. ಕಾರ್ನರ್, ಫ್ರೀ ಕಿಕ್ ಚೆನ್ನಾಗಿ ಒದೆಯುವವನನ್ನು ಮ್ಯಾನೇಜರ್ ಕೈಬಿಡಲು ಹಿಂಜರಿಯುತ್ತಾನೆ. ಐರ್ಲೆಂಡಿನಿಂದ ಬಂದ ಎಡಗಾಲಿನ ಮಿಡ್‌ಫೀಲ್ಡರ್ ಕಾನರ್ ಹೌರಿಹೇನ್ ಅವರನ್ನೇ ನೋಡಿ. ಸಂಡರ್‌ಲೆಂಡ್, ಇಪ್ಸ್‌ವಿಚ್ ಎರಡೂ ಕಡೆ ಜಾಗ ಸಿಗದೆ 2011ರಲ್ಲಿ ಲೀಗ್ ಟುನ ಪ್ಲಿಮತ್‌ಗೆ ಇಳಿದರು. ಆಗ ಆ ತಂಡ ಸತತ ಎರಡು ವರ್ಷ ಲೀಗ್‌ನಿಂದ ಹೊರಬೀಳುವ ಅಂಚಿನಲ್ಲಿತ್ತು. 2014ರಲ್ಲಿ ಬಾರ್ನ್‌ಸ್ಲಿ ಸೇರಿ, ನಾಯಕನಾಗಿ, 2016ರ ಒಂದೇ ವಸಂತದಲ್ಲಿ ವೆಂಬ್ಲಿಗೆ ಎರಡು ಸಲ ಹೋಗಿ ಎರಡನ್ನೂ ಗೆದ್ದರು, ಇಎಫ್‌ಎಲ್ ಟ್ರೋಫಿ ಮತ್ತು ಲೀಗ್ ಒನ್ ಪ್ಲೇ-ಆಫ್. 2017ರ ಜನವರಿಯಲ್ಲಿ ಆಸ್ಟನ್ ವಿಲ್ಲಾ, 2019ರಲ್ಲಿ ಪ್ರೀಮಿಯರ್ ಲೀಗ್. ಓಟದಲ್ಲಿ ಅವರಿಗಿಂತ ಚುರುಕಾದವರು ಪ್ರತಿ ತಂಡದಲ್ಲೂ ಇದ್ದರು. ಆ ಎಡಗಾಲು ಇನ್ನೊಬ್ಬರಿಗಿರಲಿಲ್ಲ.

ವಾರದ ದಿನಚರಿ ಹೀಗಿರುತ್ತದೆ. ಶನಿವಾರ ಮೂರು ಗಂಟೆಗೆ ಪಂದ್ಯ, ಮಿಡ್‌ಫೀಲ್ಡರ್ ಓಡುವುದು ಸುಮಾರು 11 ಕಿಲೋಮೀಟರ್. ಭಾನುವಾರ ವಿಶ್ರಾಂತಿ ಅಥವಾ ಹಗುರ ವ್ಯಾಯಾಮ. ಸೋಮವಾರ ವಿಡಿಯೊ, ಮಂಗಳವಾರ ಕಠಿಣ ತರಬೇತಿ, ಬುಧವಾರ ರಜೆ, ಗುರುವಾರ ತಂಡದ ರಚನೆ, ಶುಕ್ರವಾರ ಸೆಟ್-ಪೀಸ್. ಮಂಗಳವಾರ ರಾತ್ರಿ ಪಂದ್ಯ ಬಂದರೆ ಇದೆಲ್ಲ ಕಲಸಿಹೋಗುತ್ತದೆ, ತರಬೇತಿಗೆ ದಿನವೇ ಉಳಿಯುವುದಿಲ್ಲ. ಪ್ಲಿಮತ್ ಮತ್ತು ಕಾರ್ಲೈಲ್ ಒಂದೇ ದರ್ಜೆಯಲ್ಲಿದ್ದ ವರ್ಷಗಳಿವೆ. ಒಂದು ದೇಶದ ನೈಋತ್ಯ ಮೂಲೆ, ಇನ್ನೊಂದು ಸ್ಕಾಟ್ಲೆಂಡ್ ಗಡಿ; ಒಂದು ಕಡೆಗೆ ಸುಮಾರು 630 ಕಿಲೋಮೀಟರ್. ಬಸ್ಸಿನಲ್ಲಿ ಏಳೆಂಟು ಗಂಟೆ ಮಡಚಿ ಕೂತರೆ ತೊಡೆಯ ಹಿಂದಿನ ಸ್ನಾಯು ಬಿಗಿಯುತ್ತದೆ. ಹ್ಯಾಮ್‌ಸ್ಟ್ರಿಂಗ್ ಹರಿಯುವ ಭಯವಿರುವುದು ಅಂಥ ಮರುದಿನದ ತರಬೇತಿಯಲ್ಲೇ, ಆದ್ದರಿಂದ ಫಿಸಿಯೊಗಳು ದಾರಿಯಲ್ಲಿ ಬಸ್ಸು ನಿಲ್ಲಿಸಿ ನಡೆಸುತ್ತಾರೆ.

ಈಗ ಒಪ್ಪಂದಕ್ಕೆ ಬರೋಣ. ಒಪ್ಪಂದಗಳು ಸಾಮಾನ್ಯವಾಗಿ ಜೂನ್ 30ಕ್ಕೆ ಮುಗಿಯುತ್ತವೆ. ಸಂಬಳವನ್ನು ವಾರದ ಲೆಕ್ಕದಲ್ಲಿ ಹೇಳುತ್ತಾರೆ, ಕೈಗೆ ಬರುವುದು ತಿಂಗಳಿಗೊಮ್ಮೆ. ಮೂಲ ಸಂಬಳದ ಮೇಲೆ ಆಡಿದ ಪಂದ್ಯಕ್ಕೆ ಇಷ್ಟು, ಗೆದ್ದರೆ ಇಷ್ಟು, ತಂಡ ಏರಿದರೆ ಇಷ್ಟು ಎಂದಿರುತ್ತದೆ. ತಂಡ ಇಳಿದರೆ ಮೂಲ ಸಂಬಳವೇ ಕಡಿತವಾಗುವ ಸಾಲೂ ಇರಬಹುದು. ಕೆಳ ಲೀಗಿನಲ್ಲಿ ಎರಡು ವರ್ಷದ ಒಪ್ಪಂದ ಸಿಕ್ಕಿದರೆ ದೊಡ್ಡ ಭದ್ರತೆ. ಬಹಳ ಜನರಿಗೆ ಸಿಗುವುದು ಒಂದು ವರ್ಷ, ಜತೆಗೆ ಇನ್ನೊಂದು ವರ್ಷದ ಆಪ್ಷನ್. ಆ ಆಪ್ಷನ್ ಯಾರ ಕೈಯಲ್ಲಿದೆ ಎಂದು ಓದಬೇಕು. ಕ್ಲಬ್ಬಿನ ಕೈಯಲ್ಲಿದ್ದರೆ ಅದು ಆಟಗಾರನಿಗೆ ಭದ್ರತೆಯೇ ಅಲ್ಲ.

ನಿಜವಾದ ಭದ್ರತೆ ಹಾಜರಿಗೆ ಕಟ್ಟಿದ ಸಾಲು: ಇಷ್ಟು ಪಂದ್ಯ ಆಡಿದರೆ ಒಪ್ಪಂದ ತಾನಾಗಿಯೇ ಒಂದು ವರ್ಷ ಮುಂದುವರಿಯುತ್ತದೆ. ಸಂಖ್ಯೆ 25 ಎಂದು ಇಟ್ಟುಕೊಳ್ಳಿ. ಈ ಸಾಲನ್ನು ಬರೆಯುವಾಗ ಕೇಳಬೇಕಾದ ಪ್ರಶ್ನೆಗಳಿವೆ. ಲೀಗ್ ಪಂದ್ಯ ಮಾತ್ರವೇ, ಕಪ್ ಪಂದ್ಯವೂ ಸೇರುತ್ತದೆಯೇ? ಮೊದಲ ಹನ್ನೊಂದರಲ್ಲಿ ಇರಬೇಕೇ, ಬದಲಿಯಾಗಿ ಇಳಿದರೂ ಸಾಕೇ? 2022–23ರಿಂದ ಐದು ಬದಲಿಗಳಿಗೆ ಅವಕಾಶ ಬಂದಿದೆ, ನಡುವಿನವರನ್ನು ಅರುವತ್ತನೇ ನಿಮಿಷಕ್ಕೆ ಬದಲಿಸುವುದು ರೂಢಿಯಾಗಿದೆ, ಆದ್ದರಿಂದ ಈ ಪ್ರಶ್ನೆಗೆ ಈಗ ಬೆಲೆ ಹೆಚ್ಚು. ಗಾಯವಾದ ವಾರಗಳನ್ನು ಹೇಗೆ ಎಣಿಸುತ್ತಾರೆ? ಇದನ್ನೆಲ್ಲ ಸ್ಪಷ್ಟವಾಗಿ ಬರೆಯದಿದ್ದರೆ ಮಾರ್ಚ್‌ನಲ್ಲಿ ತೊಂದರೆ ಬರುತ್ತದೆ. 24ನೇ ಪಂದ್ಯದಲ್ಲಿ ಚೆನ್ನಾಗಿ ಆಡಿದವನು 25ನೆಯದಕ್ಕೆ ತಂಡದಲ್ಲೇ ಇರುವುದಿಲ್ಲ. ಮ್ಯಾನೇಜರ್‌ಗೆ ಅವನು ಬೇಕು, ಮುಂದಿನ ವರ್ಷದ ಸಂಬಳದ ಲೆಕ್ಕ ನೋಡುವವರಿಗೆ ಬೇಡ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಇದಕ್ಕೆ ಮದ್ದು ಸಹಿ ಹಾಕುವ ದಿನವೇ ಸಂಖ್ಯೆಯನ್ನು 20ಕ್ಕೆ ಇಳಿಸಿಕೊಳ್ಳುವುದು, ಬೇಕಾದರೆ ವಾರದ ಸಂಬಳ ಸ್ವಲ್ಪ ಬಿಟ್ಟುಕೊಟ್ಟು.

ಮೇ ತಿಂಗಳು ಎಲ್ಲರಿಗೂ ಸಂಕಟದ ತಿಂಗಳು. ಒಪ್ಪಂದ ಮುಗಿಯುತ್ತಿರುವವರಿಗೆ ಕ್ಲಬ್ಬು ಮೇ ಮೂರನೇ ಶನಿವಾರದೊಳಗೆ ತೀರ್ಮಾನ ತಿಳಿಸಬೇಕು. ಯಾರು ಉಳಿದರು, ಯಾರು ಹೋದರು ಎಂಬ ಪಟ್ಟಿಗೆ ರಿಟೇನ್ಡ್ ಲಿಸ್ಟ್ ಎನ್ನುತ್ತಾರೆ. 24 ತುಂಬದವನಿಗೆ ಕ್ಲಬ್ಬು ಹಿಂದಿಗಿಂತ ಕಡಿಮೆಯಲ್ಲದ ಒಪ್ಪಂದ ಮುಂದಿಟ್ಟರೆ, ಅವನು ಬೇರೆಡೆಗೆ ಹೋದರೂ ಹೊಸ ಕ್ಲಬ್ಬು ಪರಿಹಾರ ಕೊಡಬೇಕು. 24 ದಾಟಿದವನು ಸಂಪೂರ್ಣ ಸ್ವತಂತ್ರ. ಹೊರದೇಶದ ಕ್ಲಬ್ಬುಗಳ ಜತೆ ಜನವರಿ 1ರಿಂದಲೇ ಮಾತಾಡಬಹುದು. ಸ್ಕಾಟ್ಲೆಂಡ್ ಕೂಡ ಈ ಲೆಕ್ಕದಲ್ಲಿ ಹೊರದೇಶವೇ, ಹಾಗಾಗಿ ಗಡಿಯಾಚೆ ಹೋಗುವವರು ಫೆಬ್ರುವರಿಯಲ್ಲೇ ನಿಶ್ಚಿಂತರಾಗಿರುತ್ತಾರೆ.

ಕ್ಲಬ್ಬು ಸಿಗದವರು ಜುಲೈನಲ್ಲಿ ಟ್ರಯಲ್‌ಗೆ ಹೋಗುತ್ತಾರೆ. ಸ್ನೇಹಪಂದ್ಯಗಳ ತಂಡದ ಪಟ್ಟಿಯಲ್ಲಿ ಹೆಸರಿನ ಬದಲು ಟ್ರಯಲಿಸ್ಟ್ ಎ, ಟ್ರಯಲಿಸ್ಟ್ ಬಿ ಎಂದು ಬರೆದಿರುತ್ತಾರೆ, ಬೇರೆ ಕ್ಲಬ್ಬಿಗೆ ಸುಳಿವು ಸಿಗಬಾರದೆಂದು. 200 ಪಂದ್ಯ ಆಡಿದವನೂ ಆ ದಿನ ಒಂದು ಅಕ್ಷರ. ಕ್ಲಬ್ಬಿಲ್ಲದ ಸ್ವತಂತ್ರ ಆಟಗಾರನನ್ನು ವರ್ಗಾವಣೆ ಅವಧಿಯ ಹೊರಗೂ ತೆಗೆದುಕೊಳ್ಳಬಹುದು, ಮಾರ್ಚ್‌ನ ನಾಲ್ಕನೇ ಗುರುವಾರ ಸಂಜೆ ಐದರವರೆಗೆ. ಆದ್ದರಿಂದ ಆಗಸ್ಟ್‌ನಲ್ಲಿ ಕೆಲಸವಿಲ್ಲದವನು ಒಬ್ಬನೇ ಓಡುತ್ತಾ ಮೈ ಉಳಿಸಿಕೊಳ್ಳಬೇಕು. ಯಾವುದೋ ತಂಡದಲ್ಲಿ ಇಬ್ಬರಿಗೆ ಗಾಯವಾದ ಸೋಮವಾರ ಫೋನು ಬರುತ್ತದೆ, ಶನಿವಾರ ಆಡಬೇಕು.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಏಕೆಂದರೆ ಆ ಪಟ್ಟಿಯ ಹೆಸರಿನಲ್ಲೇ ಇತಿಹಾಸವಿದೆ. 1963ರವರೆಗೆ ಒಪ್ಪಂದ ಮುಗಿದರೂ ಕ್ಲಬ್ಬು ಆಟಗಾರನನ್ನು ಉಳಿಸಿಕೊಂಡೆವು ಎಂದು ಪಟ್ಟಿಗೆ ಹಾಕಿ ಬೇರೆಡೆ ಹೋಗದಂತೆ ತಡೆಯಬಹುದಿತ್ತು. ನ್ಯೂಕ್ಯಾಸಲ್ ತಂಡದಲ್ಲಿದ್ದ ಜಾರ್ಜ್ ಈಸ್ಟಮ್ ಕೋರ್ಟಿಗೆ ಹೋದರು, ಆ ಪದ್ಧತಿ ದುಡಿಯುವ ಹಕ್ಕಿಗೆ ಅನುಚಿತ ಅಡ್ಡಿ ಎಂದು ತೀರ್ಪಾಯಿತು. ಅದಕ್ಕೆ ಎರಡು ವರ್ಷ ಮೊದಲು, 1961ರ ಜನವರಿಯಲ್ಲಿ, ವಾರಕ್ಕೆ 20 ಪೌಂಡಿನ ಗರಿಷ್ಠ ಸಂಬಳದ ಮಿತಿ ಬಿದ್ದಿತ್ತು. ಆ ಹೋರಾಟ ನಡೆಸಿದ ಆಟಗಾರರ ಸಂಘದ ಅಧ್ಯಕ್ಷ ಜಿಮ್ಮಿ ಹಿಲ್, ಸ್ವತಃ ಬ್ರೆಂಟ್‌ಫರ್ಡ್, ಫುಲಮ್ ತಂಡಗಳ ಆಟಗಾರ. ಒಪ್ಪಂದ ಮುಗಿದವನು ವರ್ಗಾವಣೆ ಹಣವಿಲ್ಲದೆ ಹೋಗಬಹುದು ಎಂದ 1995ರ ಬಾಸ್‌ಮನ್ ತೀರ್ಪು ಎಲ್ಲರಿಗೂ ಗೊತ್ತು, ಈ ಇಬ್ಬರನ್ನೂ ನೆನೆಯಬೇಕು.

ಹಕ್ಕಿದ್ದರೂ ಕ್ಲಬ್ಬೇ ಮುಳುಗಿದರೆ? 2018–19ರಲ್ಲಿ ಬರಿ ಎಂಬ ಊರಿನ ತಂಡ ಲೀಗ್ ಟುನಲ್ಲಿ ಎರಡನೆಯದಾಗಿ ನಿಂತು ಮೇಲೇರಿತು. ಅದೇ ಕಾಲಕ್ಕೆ ಆಟಗಾರರಿಗೆ ಸಂಬಳ ಬಂದಿರಲಿಲ್ಲ. 2019ರ ಆಗಸ್ಟ್ 27ರಂದು ಕ್ಲಬ್ಬನ್ನು ಲೀಗ್‌ನಿಂದಲೇ ಹೊರಹಾಕಲಾಯಿತು. ಸಂಬಳ ನಿಂತಾಗ ಆಟಗಾರ 14 ದಿನಗಳ ನೋಟಿಸ್ ಕೊಟ್ಟು ಒಪ್ಪಂದದಿಂದ ಹೊರಬರಬಹುದು. ಆದರೆ ಯಾವಾಗ ಕೊಡಬೇಕೆಂಬುದೇ ಕಷ್ಟ: ಜೂನ್‌ನಲ್ಲಿ ಹೊರಬಂದವನಿಗೆ ಬೇರೆ ತಂಡಗಳಲ್ಲಿ ಜಾಗವಿರುತ್ತದೆ, ನಂಬಿಕೊಂಡು ಆಗಸ್ಟ್ ಕೊನೆಯವರೆಗೆ ಕಾದವನಿಗೆ ಎಲ್ಲ ಬಜೆಟ್ಟೂ ಖರ್ಚಾಗಿರುತ್ತದೆ. ಆ ತಂಡದ ಮಿಡ್‌ಫೀಲ್ಡರ್ ಡ್ಯಾನಿ ಮೇಯರ್ ಆ ಬೇಸಿಗೆಯಲ್ಲೇ ಮ್ಯಾನೇಜರ್ ರಯಾನ್ ಲೋ ಹಿಂದೆ ಪ್ಲಿಮತ್‌ಗೆ ಹೋದರು, ಮುಂದಿನ ವರ್ಷವೇ ಮತ್ತೆ ಲೀಗ್ ಟುನಿಂದ ಏರಿದರು. ಒಬ್ಬ ಮ್ಯಾನೇಜರ್‌ನ ನಂಬಿಕೆ ಗಳಿಸಿದ ಮಿಡ್‌ಫೀಲ್ಡರ್ ಅವನ ಜತೆ ಊರಿಂದೂರಿಗೆ ಹೋಗುವುದು ಈ ಲೀಗುಗಳಲ್ಲಿ ಬಹಳ ಸಾಮಾನ್ಯ.

ದೇಹ ಸೋಲುವಾಗ ಜಾಗ ಬದಲಿಸಬೇಕು. ಗ್ರಹಾಮ್ ಅಲೆಕ್ಸಾಂಡರ್ ಸ್ಕಂಥೋರ್ಪ್, ಲೂಟನ್, ಪ್ರೆಸ್ಟನ್ ತಂಡಗಳಲ್ಲಿ ಬಹುಪಾಲು ರೈಟ್ ಬ್ಯಾಕ್, ಅಂದರೆ ಬಲ ಅಂಚಿನ ಡಿಫೆಂಡರ್ ಆಗಿದ್ದವರು. 2007ರಲ್ಲಿ ಬರ್ನ್‌ಲಿಗೆ ಬಂದ ಮೇಲೆ ಡಿಫೆಂಡರ್‌ಗಳ ಮುಂದೆ ಹೋಲ್ಡಿಂಗ್ ಮಿಡ್‌ಫೀಲ್ಡರ್ ಆದರು. ಅಂಚಿನಲ್ಲಿ 50 ಮೀಟರ್ ಓಟಗಳು ಬೇಕು, ನಡುವೆ ಹತ್ತು ಹೆಜ್ಜೆಯ ಅಂದಾಜು ಸಾಕು. 36ರ ಕಾಲಿಗೆ ಎರಡನೆಯದು ಸಾಧ್ಯ. 37ರಲ್ಲಿ ಪ್ರೀಮಿಯರ್ ಲೀಗ್‌ನಲ್ಲಿ ಮೊದಲ ಪಂದ್ಯ ಆಡಿದರು. ಪೆನಾಲ್ಟಿ ಅವರ ಕೈಗೇ ಬರುತ್ತಿತ್ತು, ಜೋರಾಗಿ, ಎರಡನೇ ಯೋಚನೆಯಿಲ್ಲದೆ ಒದೆಯುತ್ತಿದ್ದರು. ಎಲ್ಲ ಸ್ಪರ್ಧೆಗಳೂ ಸೇರಿ ಅವರ ಪಂದ್ಯಗಳು 1,000 ದಾಟಿವೆ.

ಇನ್ನೊಂದು ದಾರಿ ನಮ್ಮ ಊರಿಗೂ ಬಂದಿದೆ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಅದರ ಕೋಚ್ ಆಶ್ಲಿ ವೆಸ್ಟ್‌ವುಡ್ ಇಂಗ್ಲೆಂಡಿನ ಕೆಳ ಲೀಗುಗಳಲ್ಲಿ ಬಹುಕಾಲ ಆಡಿದ ಡಿಫೆಂಡರ್. ಅವರು ಕರೆತಂದ ಜಾನ್ ಜಾನ್ಸನ್ ನಾರ್ತಂಪ್ಟನ್ ತಂಡದಿಂದ ಬಂದವರು, ಕರ್ಟಿಸ್ ಒಸಾನೊ ಲೂಟನ್, ವಿಂಬಲ್ಡನ್‌ಗಳಲ್ಲಿ ಆಡಿದವರು. ಮೊದಲ ವರ್ಷವೇ ಐ-ಲೀಗ್ ಗೆದ್ದರು. 2014ರಲ್ಲಿ ಬಂದ ಮಿಡ್‌ಫೀಲ್ಡರ್ ಜೋಶ್ ವಾಕರ್ ಮಿಡಲ್ಸ್‌ಬರೊ ಅಕಾಡೆಮಿಯಲ್ಲಿ ಬೆಳೆದು, ಹಲವು ಕ್ಲಬ್ಬುಗಳ ಲೋನ್ ಮುಗಿಸಿ ಬಂದವರು. ಕಂಠೀರವದಲ್ಲಿ ಅವರ ಫ್ರೀ ಕಿಕ್ ನೋಡಿದವರಿಗೆ ಸೆಟ್-ಪೀಸ್ ಬಗ್ಗೆ ನಾನು ಆಗ ಹೇಳಿದ್ದು ಅರ್ಥವಾಗುತ್ತದೆ. ಹೆಸರಿನ ಗೊಂದಲ ಬೇಡ: ಆಸ್ಟನ್ ವಿಲ್ಲಾ, ಬರ್ನ್‌ಲಿಗಳಲ್ಲಿ ಆಡಿದ ಮಿಡ್‌ಫೀಲ್ಡರ್ ಆಶ್ಲಿ ವೆಸ್ಟ್‌ವುಡ್ ಬೇರೆಯವರು. ಇಬ್ಬರೂ ಕ್ರೂ ಅಲೆಕ್ಸಾಂಡ್ರಾ ತಂಡದಲ್ಲಿ ಆಡಿದ್ದರಿಂದ ಗೊಂದಲ ಸಹಜ.

ಎಂಪಾಂಜು ಕಥೆಗೆ ವಾಪಸ್ ಬರುತ್ತೇನೆ ಎಂದಿದ್ದೆ. 2014ರಲ್ಲಿ ಲೂಟನ್ ಲೀಗ್ ಟುಗೆ ಏರಿತು. 2017ರ ಪ್ಲೇ-ಆಫ್ ಸೆಮಿಫೈನಲ್‌ನಲ್ಲಿ ಬ್ಲ್ಯಾಕ್‌ಪೂಲ್ ಎದುರು ಸೋತಿತು. 2018ರಲ್ಲಿ ಲೀಗ್ ಒನ್‌ಗೆ, 2019ರಲ್ಲಿ ಚಾಂಪಿಯನ್ ಆಗಿ ಚಾಂಪಿಯನ್‌ಶಿಪ್‌ಗೆ. 2022ರ ಪ್ಲೇ-ಆಫ್‌ನಲ್ಲಿ ಹಡರ್ಸ್‌ಫೀಲ್ಡ್ ಎದುರು ಮತ್ತೆ ಸೋಲು. 2023ರ ಮೇ 27ರಂದು ವೆಂಬ್ಲಿಯಲ್ಲಿ ಕವೆಂಟ್ರಿ ವಿರುದ್ಧ 1–1, ಪೆನಾಲ್ಟಿಯಲ್ಲಿ 6–5. ಜಾನ್ ಸ್ಟಿಲ್, ನೇಥನ್ ಜೋನ್ಸ್, ಗ್ರೇಮ್ ಜೋನ್ಸ್, ರಾಬ್ ಎಡ್ವರ್ಡ್ಸ್ ಎಂದು ಮ್ಯಾನೇಜರ್‌ಗಳು ಬದಲಾದರು, ಪ್ರತಿ ಮೆಟ್ಟಿಲಿನಲ್ಲೂ ಹೊಸ ಮಿಡ್‌ಫೀಲ್ಡರ್‌ಗಳನ್ನು ಕೊಂಡರು, ಪ್ರತಿ ಬಾರಿಯೂ ಎಂಪಾಂಜು ಹೊಸದಾಗಿ ಜಾಗ ಗೆಲ್ಲಬೇಕಾಯಿತು. ಐದನೇ ದರ್ಜೆಯಿಂದ ಪ್ರೀಮಿಯರ್ ಲೀಗ್‌ವರೆಗೆ ಒಂದೇ ಕ್ಲಬ್ಬಿನಲ್ಲಿ ಏರಿದ ಮೊದಲ ಆಟಗಾರ ಅವರು. ಮನೆಗಳ ಸಾಲಿನ ಕೆಳಗಿಂದ ನುಸುಳಿ ಒಳಹೋಗುವ ಕೆನಿಲ್‌ವರ್ತ್ ರೋಡ್ ಮೈದಾನ ಮಾತ್ರ ಐದೂ ದರ್ಜೆಗಳಲ್ಲಿ ಅದೇ ಆಗಿತ್ತು.

ಕೊನೆಯ ಹಂತದಲ್ಲಿ ಹಲವರು ಆರನೇ ಮೆಟ್ಟಿಲಾದ ನ್ಯಾಷನಲ್ ಲೀಗ್ ನಾರ್ತ್ ಅಥವಾ ಸೌತ್‌ಗೆ ಇಳಿಯುತ್ತಾರೆ. ಅಲ್ಲಿ ಬಹುತೇಕ ಅರೆಕಾಲಿಕ ಆಟ. ಮಂಗಳವಾರ, ಗುರುವಾರ ಸಂಜೆ ತರಬೇತಿ, ಹಗಲು ಬೇರೆ ಕೆಲಸ. ಕೋಚ್ ಆಗುವವರು ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎಯ ಬಿ, ಆಮೇಲೆ ಎ ಲೈಸೆನ್ಸ್ ಪಡೆಯಬೇಕು, ಅದನ್ನು 30ರ ಹೊತ್ತಿಗೇ ಶುರುಮಾಡುವುದು ಒಳ್ಳೆಯದು. ಆಡುತ್ತಿರುವಾಗ ಕ್ಲಬ್ಬಿನ ಯುವ ತಂಡದಲ್ಲೇ ಕಲಿಸಿ ಗಂಟೆಗಳನ್ನು ತುಂಬಬಹುದು, ನಿವೃತ್ತನಾದ ಮೇಲೆ ಆ ತಂಡವನ್ನೇ ಹುಡುಕಬೇಕಾಗುತ್ತದೆ. ಹೌರಿಹೇನ್ ಹಾಗೆ ಬಾರ್ನ್‌ಸ್ಲಿಗೆ ಆಟಗಾರ-ಕೋಚ್ ಆಗಿ ಮರಳಿ, 2025ರಲ್ಲಿ ಅದರ ಮುಖ್ಯ ಕೋಚ್ ಆದರು.

ಟೋನಿ ಫೋರ್ಡ್ ಕೂಡ ಹಾಗೆಯೇ. ಮ್ಯಾನ್ಸ್‌ಫೀಲ್ಡ್‌ನಲ್ಲಿ ಮ್ಯಾನೇಜರ್ ಆಗಿದ್ದ ಸ್ಟೀವ್ ಪಾರ್ಕಿನ್ 1999ರಲ್ಲಿ ರಾಚ್‌ಡೇಲ್‌ಗೆ ಹೋದಾಗ ಅವರೂ ಜತೆಗೆ ಹೋದರು, ಸಹಾಯಕ ಮ್ಯಾನೇಜರ್ ಆಗಿ, ಜತೆಗೆ ಆಟಗಾರನಾಗಿಯೂ. ವಿಂಗ್‌ನಿಂದ ಹಿಂದೆ ಸರಿದು ರೈಟ್ ಬ್ಯಾಕ್ ಆಗಿದ್ದರು. 2001ರ ನವೆಂಬರ್‌ನಲ್ಲಿ ಪಾರ್ಕಿನ್ ಬಾರ್ನ್‌ಸ್ಲಿಗೆ ಹೊರಟರು. ಫೋರ್ಡ್ ಅಲ್ಲಿಗೂ ಸಹಾಯಕರಾಗಿ ಹೋದರು, ಆದರೆ ಈ ಸಲ ಆಟಗಾರನಾಗಿ ಅಲ್ಲ. 42ನೇ ವಯಸ್ಸಿನಲ್ಲಿ ಲೆಕ್ಕ 931ಕ್ಕೆ ನಿಂತಿತು.